ಹೊರಗಿನವಳ ಲವಂಗ

ಭಾನುವಾರದ ಪೂಜೆ ಮುಗಿದು ಜನ ಚರ್ಚಿನಿಂದ ಹೊರಗೆ ಬರುತ್ತಿದ್ದಂತೆ ಊರಿನ ಮುಖ್ಯಸ್ಥ ಅಂಗಳದ ಕಟ್ಟೆ ಹತ್ತಿ ನಿಂತು ಸುದ್ದಿ ಹೇಳಿದ. ಸರಕಾರದ ಅಳತೆಯವರು ಇನ್ನು ನಾಲ್ಕು ವಾರಕ್ಕೆ ನಮ್ಮ ಗುಡ್ಡದೂರು ಗೋಲೊ ಮೆನೆಸ್‌ಗೆ ಬರುತ್ತಾರೆ. ಒಂದೊಂದು ತುಂಡು ಭೂಮಿಗೂ ಒಂದೊಂದು ಪತ್ರ, ಪತ್ರದ ಮೇಲೆ ಒಂದು ಹೆಸರು. ಖರ್ಚೇನೂ ಇಲ್ಲ. ಗಡಿಗೆ ಕಲ್ಲು ನೆಟ್ಟಿರಬೇಕು, ಅಕ್ಕಪಕ್ಕದ ಜಮೀನಿನವರು ಒಬ್ಬರಿಗೊಬ್ಬರು ಸಹಿ ಹಾಕಬೇಕು.

“ಯಾರ ಹೆಸರು ಅನ್ನೋದನ್ನ ಮನೇಲೇ ತೀರ್ಮಾನ ಮಾಡ್ಕೊಂಡು ಬನ್ನಿ,” ಎಂದ ಅವನು. “ಅವರ ಮುಂದೆ ಜುಟ್ಟು ಜುಟ್ಟು ಹಿಡ್ಕೊಂಡು ನಿಂತ್ರೆ ಆ ತುಂಡು ಬಿಟ್ಟು ಮುಂದಕ್ಕೆ ಹೋಗ್ತಾರೆ. ಮತ್ತೆ ಯಾವ ಕಾಲಕ್ಕೆ ಬರ್ತಾರೋ ದೇವರಿಗೇ ಗೊತ್ತು.”

ಜನ ನಕ್ಕರು. ಗಾಸ್ಪರನ ಮನೆಯವರು ನಗಲಿಲ್ಲ.

ಗಾಸ್ಪರನಿಗೆ ಎಪ್ಪತ್ತೆರಡು ತುಂಬಿದ್ದರೂ ಗದ್ದೆಯ ಬದುವನ್ನು ಇನ್ನೂ ತಾನೇ ಕಟ್ಟುತ್ತಿದ್ದ. ಹೆಂಡತಿ ರೊಫಿನಾ, ಒಬ್ಬನೇ ಮಗ ಸಿಪ್ರಿ, ಸೊಸೆ ಅದೆಲ್, ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಗಂಡನ ಊರಿನಿಂದ ವಾಪಸು ಬಂದ ಹಿರಿಮಗಳು ರೆನ್ಸಿ, ರೆನ್ಸಿಯ ಮಗಳು ಓಲಿನ್. ಎಂಟು ಜನಕ್ಕೆ ಒಂದು ಹಲಗೆ ಮನೆ, ಒಂದು ಒಲೆ. ಭೂಮಿ ಮೂರು ತುಂಡು: ಹಳ್ಳದ ಪಕ್ಕದ ಗದ್ದೆ, ಮನೆಯ ಹಿಂದಿನ ಕಾಫಿ ತೋಟ, ಅದಕ್ಕೆ ತಾಗಿ ನೀರಿನ ಬುಗ್ಗೆಯನ್ನು ದಾಟಿ ಮೇಲಕ್ಕೆ ಹತ್ತುವ ಇಳಿಜಾರು.

ಆ ಮಧ್ಯಾಹ್ನ ಜೋಳ ಬೆರೆಸಿದ ಅನ್ನ, ಪಪಾಯ ಹೂವಿನ ಪಲ್ಯ, ಸುಟ್ಟ ಒಣಮೀನು. ಸಿಪ್ರಿ ಮೊದಲ ತುತ್ತಿಗೇ ಮಾತು ತೆಗೆದ.

“ಮೂರೂ ನನ್ನ ಹೆಸರಿಗೇ ಆಗ್ಲಿ ಅಪ್ಪ. ಒಂದೇ ಹೆಸರಾದ್ರೆ ಓಡಾಟ ಕಮ್ಮಿ.”

“ಆಗ್ಲಿ,” ಎಂದ ಗಾಸ್ಪರ್, ಮೀನಿನ ಮುಳ್ಳು ಬಿಡಿಸುತ್ತ.

ಒಲೆಯ ಬಳಿ ಮೆಣಸಿನಕಾಯಿ ಅರೆಯುತ್ತಿದ್ದ ರೆನ್ಸಿ ಗುಂಡುಕಲ್ಲು ಕೆಳಗಿಟ್ಟಳು.

“ಎರಡು ನಿನ್ನ ಹೆಸರಿಗೆ. ಬುಗ್ಗೆ ಮೇಲಿನದು ನಂದು.”

“ನಿಂದು ಅಂದ್ರೆ?”

“ನಂದು ಅಂದ್ರೆ ನಂದು. ಹನ್ನೊಂದು ವರ್ಷದಿಂದ ಅಲ್ಲಿ ಕತ್ತಿ ಹಿಡಿದೋಳು ಯಾರು?”

“ನೀನೇ ದುಡಿದೆ ಅಕ್ಕ, ಯಾರು ಇಲ್ಲ ಅಂದ್ರು? ನಾಳೆನೂ ನೀನೇ ದುಡಿ, ನೀನೇ ತಿನ್ನು. ಪತ್ರದ ಮೇಲಿರೋ ಹೆಸರನ್ನ ತಿನ್ನೋಕಾಗುತ್ತಾ?”

“ತಿನ್ನೋಕಾಗಲ್ಲ ಅಂದ್ಮೇಲೆ ನಿಂಗ್ಯಾಕೆ ಬೇಕು?”

ಓಲಿನ್ ಕಿಸಕ್ಕನೆ ನಕ್ಕಳು. ಅವಳಿಗೆ ಹದಿನಾರು ವರ್ಷ, ಬಾಯಿಗೆ ಮೂವತ್ತು. “ಮಾಮ, ನೀವು ಆ ತೋಟಕ್ಕೆ ಕೊನೇ ಸಲ ಹತ್ತಿದ್ದು ಯಾವಾಗ?”

ಸಿಪ್ರಿ ಬೈಕಿನಲ್ಲಿ ಜನರನ್ನು ಸಂತೆಗೆ ಬಿಟ್ಟು ಬರುವ ಕೆಲಸ ಹಿಡಿದ ಮೇಲೆ ಗುದ್ದಲಿ ಮುಟ್ಟಿದ್ದು ಕಡಿಮೆ. ಅವನ ಮುಖ ಕೆಂಪಾಯಿತು. “ನೀನು ಬಾಯಿ ಮುಚ್ಚು. ನೀನು ಈ ಕುಲದೋಳೇ ಅಲ್ಲ, ನಿಮ್ಮಪ್ಪನ ಕುಲದೋಳು. ಅಕ್ಕನ ಹೆಸರಿಗೆ ಬರೆದ್ರೆ ನಾಳೆ ನಿನಗೆ ಬರುತ್ತೆ, ನಾಡಿದ್ದು ನಿನ್ನ ಗಂಡನಿಗೆ. ನಮ್ಮ ಮುತ್ತಾತ ಕಾಡು ಕಡಿದ ನೆಲ ಯಾವನೋ ದಾರಿಹೋಕನಿಗೆ. ಅದಕ್ಕೇ ಹೆಣ್ಣಿಗೆ ನೆಲ ಇಲ್ಲ ಅನ್ನೋದು.”

ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಹೊರಗೆ ನಿಂತವರು ಮನೆಯ ಗೋಡೆ ಬಡಿದು ಕೇಳುತ್ತಾರೆ: “ಒಳಗಿನದೋ, ಹೊರಗಿನದೋ?” ಗಂಡಾದರೆ ಒಳಗಿನದು, ಹೆಣ್ಣಾದರೆ ಹೊರಗಿನದು. ಒಳಗಿನವನಿಗೆ ನೆಲ, ಹೊರಗಿನವಳಿಗೆ ಗಂಡನ ಮನೆ. ರೆನ್ಸಿಗೆ ಅದೂ ಉಳಿಯಲಿಲ್ಲ. ಅವಳ ಗಂಡ ತಾಳೆ ತೋಟದ ಕೆಲಸಕ್ಕೆಂದು ಮಲೇಶಿಯಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳೊಡನೆ ಸಂಸಾರ ಹೂಡಿದ. ಐದು ವರ್ಷದ ಓಲಿನಳ ಕೈ ಹಿಡಿದು ಅವಳು ತವರಿಗೆ ಬಂದ ವಾರ, ಗಾಸ್ಪರ್ ಕಾಫಿ ತೋಟದ ತುದಿಯಲ್ಲಿ ನಿಂತು ಗದ್ದದಿಂದಲೇ ಮೇಲಕ್ಕೆ ತೋರಿಸಿ, “ಹೋಗು, ಅಲ್ಲಿ ಅಗಿ. ಯಾರಿಗೂ ಬೇಡದ ಜಾಗ,” ಎಂದಿದ್ದ.

ಅಲ್ಲಿ ಆಳೆತ್ತರದ ಹುಲ್ಲು, ಮುಳ್ಳು, ಕಲ್ಲು. ಮೊದಲ ಎರಡು ವರ್ಷ ಅವಳು ಮರಗೆಣಸಿನ ಮೇಲೇ ದಿನ ತಳ್ಳಿದಳು. ಅರವತ್ತೆರಡು ಲವಂಗದ ಸಸಿ ನೆಟ್ಟು, ಬೇಸಿಗೆಯಲ್ಲಿ ಬುಗ್ಗೆಯಿಂದ ಕೊಡ ಹೊತ್ತು ಒಂದೊಂದಕ್ಕೂ ನೀರುಣಿಸಿದಳು. ಈಗ ಮರಗಳು ಗೊಂಚಲು ಗೊಂಚಲಾಗಿ ಮೊಗ್ಗು ಹಿಡಿದಿದ್ದವು. ಅದೇ ವರ್ಷ ಕರಾವಳಿಯಿಂದ ಮೇಲೇರಿ ಬಂದ ಹೊಸ ರಸ್ತೆ ಆ ಇಳಿಜಾರಿನ ನೆತ್ತಿಯನ್ನೇ ಸವರಿಕೊಂಡು ಹೋಯಿತು. ಯಾರಿಗೂ ಬೇಡದ ಜಾಗ ಎಲ್ಲರ ಕಣ್ಣಿಗೂ ಬಿತ್ತು.

ಎರಡನೆಯ ವಾರ ಕೊಯ್ಲು ಶುರುವಾಯಿತು. ಲವಂಗದ ಮೊಗ್ಗು ಅರಳುವ ಮೊದಲೇ ಕೊಯ್ಯಬೇಕು. ಅರಳಿತೋ ಬೆಲೆ ಹೋಯಿತು. ರೆನ್ಸಿ ಬೆಳಗ್ಗೆಯೇ ಬಿದಿರೇಣಿ ಹತ್ತುತ್ತಿದ್ದಳು. ಅದೆಲ್ ಕೆಳಗೆ ನಿಂತು ಬುಟ್ಟಿ ತುಂಬುತ್ತಿದ್ದಳು, ತೊಟ್ಟು ಬಿಡಿಸುತ್ತಿದ್ದಳು, ತಾಡಪಾಲಿನ ಮೇಲೆ ಹರಡುತ್ತಿದ್ದಳು. ಅತ್ತಿಗೆ ನಾದಿನಿ ಇಬ್ಬರೂ ಒಂದೇ ತಟ್ಟೆಯಲ್ಲಿ ಬೇಯಿಸಿದ ಮರಗೆಣಸು ಉಪ್ಪು ಮುಟ್ಟಿಸಿ ತಿನ್ನುತ್ತಿದ್ದರು. ಮೂರು ದಿನ ಹೀಗೆ ನಡೆಯಿತು.

ನಾಲ್ಕನೆಯ ದಿನ ಹತ್ತು ಗಂಟೆಗೆ ಸಿಪ್ರಿಯ ಬೈಕು ರಸ್ತೆಯಲ್ಲಿ ನಿಂತಿತು. ಹಿಂದೆ ಕೂತಿದ್ದವನು ಬಿಳಿ ಬೂಟಿನವನು, ಪಟ್ಟಣದ ಯೊನಾಸ್. ಅವನು ಫೋನು ಎತ್ತಿ ಕಡಲಿನ ಕಡೆ ಹಿಡಿದ, ಬುಗ್ಗೆಯ ಕಡೆ ಹಿಡಿದ, ಹೆಜ್ಜೆ ಎಣಿಸುತ್ತ ಇಳಿದು ಬಂದು ತಾಡಪಾಲಿನ ಮೇಲೆಯೇ ನಿಂತ.

“ನೋಟ ಚೆನ್ನಾಗಿದೆ. ಇಲ್ಲಿ ನಾಲ್ಕು ಕೋಣೆ ಎಬ್ಬಿಸ್ಬಹುದು. ಮೇಲೆ ಕಾರು ನಿಲ್ಲಿಸೋಕೆ ಜಾಗ. ಈ ಮರಗಳನ್ನ ತೆಗೆಸಿಬಿಡಬೇಕು, ಅಷ್ಟೆ.” ತಲೆಯೆತ್ತಿ ಏಣಿಯ ಮೇಲಿದ್ದ ರೆನ್ಸಿಯನ್ನು ನೋಡಿದ. “ಏನಮ್ಮ, ದಿನಕ್ಕೆ ಕೂಲಿ ಎಷ್ಟು ಕೊಡ್ತಾರೆ?”

ರೆನ್ಸಿ ಏಣಿ ಇಳಿದಳು. “ಮೊದಲು ಕಾಲು ತೆಗಿ.”

“ಏನು?”

“ನನ್ನ ಮೊಗ್ಗು ತುಳೀತಾ ಇದೀಯ. ಕಾಲು ತೆಗಿ.”

ಅವನು ಹಿಂದಕ್ಕೆ ಸರಿದ. ರೆನ್ಸಿ ತಮ್ಮನ ಕಡೆ ತಿರುಗಿದಳು. “ಕೂಲಿ ಎಷ್ಟು ಅಂತ ಕೇಳ್ತಿದಾರೆ. ಹೇಳೋ. ಎಷ್ಟು ಕೊಡ್ತೀಯ ನಂಗೆ?”

“ಸುಮ್ನೆ ನೋಡೋಕೆ ಬಂದಿದಾರೆ ಅಕ್ಕ. ರಂಪ ಮಾಡ್ಬೇಡ.”

“ಸುಮ್ನೆ ಅಂದ್ರೆ?” ಎಂದ ಯೊನಾಸ್, ಬೂಟಿಗೆ ಅಂಟಿದ ಮೊಗ್ಗನ್ನು ಕಡ್ಡಿಯಿಂದ ಕೆರೆಯುತ್ತ. “ನಿನ್ನ ಟ್ರಕ್ಕಿಗೆ ಮುಂಗಡ ಕಟ್ಟಿದ್ದು ಸುಮ್ನೆನಾ? ಪತ್ರ ನಿನ್ನ ಹೆಸರಿಗೆ ಆದ ಮಾರನೇ ದಿನ ನನಗೆ ಅಂದೆ. ಮನೆಯವರೆಲ್ಲ ಒಪ್ಪಿದಾರೆ ಅಂದೆ.”

ರೆನ್ಸಿ ಮರದ ಬುಡದಲ್ಲಿದ್ದ ಕತ್ತಿ ಎತ್ತಿಕೊಂಡಳು. ಬೀಸಲಿಲ್ಲ, ಬೈಯಲಿಲ್ಲ, ಹಿಡಿದು ನಿಂತಳು. ಬಿಳಿ ಬೂಟು ಇಳಿದು ಬಂದದ್ದಕ್ಕಿಂತ ಬೇಗ ಹತ್ತಿ ಹೋಯಿತು. “ಇವಳಿಗೆ ತಲೆ ಕೆಟ್ಟಿದೆ, ನಾನು ಮಾತಾಡ್ತೀನಿ,” ಎನ್ನುತ್ತ ಸಿಪ್ರಿಯೂ ಹಿಂದೆ ಓಡಿದ.

ಬೈಕಿನ ಸದ್ದು ತಿರುವು ದಾಟಿದ ಮೇಲೆ ರೆನ್ಸಿ ಕೇಳಿದಳು: “ನಿಂಗೆ ಗೊತ್ತಿತ್ತಾ?”

ಅದೆಲ್ ಬುಟ್ಟಿಯೊಳಗೆ ಕಣ್ಣಿಟ್ಟು ಹೇಳಿದಳು, “ಹೂಂ.”

“ಗೊತ್ತಿದ್ದೂ ಮೂರು ದಿನದಿಂದ ನನ್ನ ತಟ್ಟೇಲಿ ಕೈಯಿಟ್ಟು ತಿಂತಿದೀಯ!”

“ಟ್ರಕ್ ಬಂದ್ರೆ ಮಕ್ಕಳನ್ನ ಪಟ್ಟಣದ ಸ್ಕೂಲಿಗೆ ಹಾಕೋಣ ಅಂದ್ರು ಅಕ್ಕ. ನಾನೇನು ಮಾಡ್ಲಿ?”

“ನಿನ್ನ ಮಕ್ಕಳು ಸ್ಕೂಲಿಗೆ, ನನ್ನ ಮಗಳು ಬೀದಿಗೆ. ಏಳು. ಬುಟ್ಟಿ ಇಟ್ಟು ಹೋಗು.”

ರೆನ್ಸಿ ಕತ್ತಿಯನ್ನು ಕೆಳಗಿಡದೆಯೇ ಮನೆಗೆ ಬಂದಳು. ಗಾಸ್ಪರ್ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ರೊಫಿನಾ ಒಳಗೆ ಅಕ್ಕಿ ಕೇರುತ್ತಿದ್ದಳು.

“ಅಪ್ಪ, ತೋಟ ಮಾರೋ ವಿಷ್ಯ ನಿಂಗೆ ಗೊತ್ತಾ?”

ಗಾಸ್ಪರ್ ಬಿದಿರು ಸೀಳು ಎಳೆದು ಬಿಗಿ ಮಾಡಿದ. “ಸಿಪ್ರಿ ಹೇಳಿದ್ದ.”

ಒಳಗೆ ಮೊರದ ಸದ್ದು ನಿಂತಿತು. ರೊಫಿನಾ ಬಾಗಿಲಿಗೆ ಬಂದಳು. “ಏನು ಮಾರೋದು? ಯಾರು?”

“ನಿಂಗ್ಯಾಕೆ ಅದೆಲ್ಲ?”

“ನಂಗ್ಯಾಕಾ? ಈ ಮನೇಲಿ ಉಪ್ಪು ಮುಗಿದ್ರೆ ನಂಗೆ ಹೇಳ್ತೀಯ. ನೆಲ ಮುಗಿದ್ರೆ ಹೇಳಲ್ವಾ?”

“ಗಂಡಸರು ಮಾತಾಡ್ಕೊಂಡಿದೀವಿ.”

“ಅದು ನೀನು ನಂಗೆ ಕೊಟ್ಟಿದ್ದು,” ಎಂದಳು ರೆನ್ಸಿ. “ಹೋಗು ಅಂತ ನೀನೇ ತೋರಿಸಿದ್ದು.”

“ಅಗಿ ಅಂದೆ. ಕೊಟ್ಟೆ ಅಂದೆನಾ? ಮಗಳಿಗೆ ನೆಲ ಕೊಡೋದಾದ್ರೆ ಕುಲದವರ ಮುಂದೆ ಹುಂಜ ಹಿಡ್ಕೊಂಡು ಮಾತು ಹೇಳಬೇಕು. ನಾನು ಹುಂಜ ಹಿಡಿದಿದ್ದು ನೋಡಿದ್ದೀಯಾ?” ಗಾಸ್ಪರ್ ದನಿ ಏರಿಸಿದ. “ಇರೋದು ಒಬ್ಬ ಮಗ. ನಾನು ಸತ್ರೆ ತಲೆ ಹತ್ರ ನಿಲ್ಲೋನು ಅವನು. ಅವನನ್ನ ಎದುರು ಹಾಕ್ಕೊಳ್ಳಾ?”

“ಹೋದ ಮಳೆಗಾಲದಲ್ಲಿ ನಿನಗೆ ಜ್ವರ ಬಂದು ಹಾಸಿಗೆ ಒದ್ದೆ ಮಾಡ್ಕೊಂಡಾಗ ತಲೆ ಹತ್ರ ಯಾರಿದ್ರು? ಅವನು ಸಂತೇಲಿ ಇಸ್ಪೀಟು ಆಡ್ತಿದ್ದ.”

“ಬಾಯಿಗೆ ಬಂದಂಗೆ ಮಾತಾಡ್ಬೇಡ!”

“ಸತ್ತ ಮೇಲೆ ನಿಲ್ಲೋನಿಗೆ ನೆಲ, ಬದುಕಿದ್ದಾಗ ನಿಂತೋಳಿಗೆ ಕೂಲಿ. ಚೆನ್ನಾಗಿದೆ ನಿಮ್ಮ ನ್ಯಾಯ!”

ಆ ಮಧ್ಯಾಹ್ನ ರೊಫಿನಾ ಒಲೆ ಹಚ್ಚಲಿಲ್ಲ. ಗಾಸ್ಪರ್ ಎರಡು ಸಲ ಕೆಮ್ಮಿದ, ಅಡುಗೆಮನೆಗೆ ಇಣುಕಿದ, ಕೊನೆಗೆ ನಿನ್ನೆಯ ತಣ್ಣನೆ ಜೋಳವನ್ನು ತಾನೇ ಹಾಕಿಕೊಂಡು ತಿಂದ. ರೆನ್ಸಿ ನೇರವಾಗಿ ನೆಲ ಹಂಚುವ ಹಿರಿಯ ಲಾಂಬೆರ್ಟಸನ ಮನೆಗೆ ಹೋಗಿ ಪಂಚಾಯಿತಿ ಕೂರಿಸಬೇಕೆಂದು ಹಟ ಹಿಡಿದಳು. ಹೆಂಗಸು ಪಂಚಾಯಿತಿ ಕೇಳಿದ್ದು ಅವನ ಕಾಲದಲ್ಲಿ ಅದೇ ಮೊದಲು. ಅವನು ಎಲೆ ಅಡಿಕೆ ಜಗಿದು ಉಗಿದು, “ಅಳತೆಯವರು ಬರೋ ಮುಂಚೆ ಬಗೆಹರೀಲಿ,” ಎಂದು ಒಪ್ಪಿದ.

ಮೂರನೆಯ ವಾರ ಕುಲದ ಪಂಚಾಯಿತಿ ಕೂರುವ ನಗಾರಿ ಮನೆಯಲ್ಲಿ ಎಲ್ಲರೂ ಸೇರಿದರು. ಗಂಡಸರು ಸುತ್ತಲೂ ಚಾಪೆಯ ಮೇಲೆ, ನಡುವೆ ಕಳ್ಳಿನ ಬುರುಡೆ. ಹೆಂಗಸರು ಬಾಗಿಲ ಬಳಿ ಕಾಫಿಯ ಕೆಟಲು ಹಿಡಿದು. ರೆನ್ಸಿಗೆ ಚಾಪೆಯ ತುದಿಯಲ್ಲಿ ಜಾಗ ಕೊಟ್ಟರು.

ಅವಳು ಹೆಚ್ಚು ಹೇಳಲಿಲ್ಲ. ಎಷ್ಟು ವರ್ಷ, ಎಷ್ಟು ಮರ, ಯಾರು ನೆಟ್ಟದ್ದು, ಅಷ್ಟೇ ಹೇಳಿದಳು. ಲಾಂಬೆರ್ಟಸ್ ಗಾಸ್ಪರನನ್ನು ಕೇಳಿದ: “ಕೊಟ್ಟಿದ್ಯಾ?”

ಗಾಸ್ಪರ್ ಪಕ್ಕದಲ್ಲಿದ್ದ ಮಗನ ಮುಖ ನೋಡಿದ. “ದುಡಿದು ತಿನ್ನು ಅಂದಿದ್ದೆ. ಕೊಟ್ಟಿಲ್ಲ.”

“ಸುಳ್ಳು.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ರೊಫಿನಾ ಕೈಯಲ್ಲಿದ್ದ ಲೋಟಗಳನ್ನು ಕೆಳಗಿಟ್ಟು ನಿಂತಿದ್ದಳು. “ಅವತ್ತು ಮಧ್ಯಾಹ್ನ ಊಟಕ್ಕೆ ಕೂತು, ‘ಮೇಲಿನದು ಹುಡುಗಿಗೆ ಇರ್ಲಿ ಬಿಡು, ಅವಳಿಗೆ ಇನ್ನೇನಿದೆ’ ಅಂದ. ನಾನು ಕೇಳಿದ್ದೀನಿ.”

“ಹುಂಜ ಇತ್ತಾ?” ಎಂದ ಲಾಂಬೆರ್ಟಸ್. “ಸಾಕ್ಷಿ ಇದ್ರಾ?”

“ನಾನಿದ್ದೆ.”

ಗಂಡಸರು ನಕ್ಕರು. “ಹೆಂಡ್ತಿ ಸಾಕ್ಷಿ!” ಎಂದ ಒಬ್ಬ. “ಹಂಗಾದ್ರೆ ನಮ್ಮನ್ನೆಲ್ಲ ನಾಳೆನೇ ಗಲ್ಲಿಗೆ ಹಾಕ್ತಾರೆ.”

“ನಗಿ,” ಎಂದಳು ರೊಫಿನಾ. “ಐವತ್ತು ವರ್ಷ ಇವನಿಗೆ ಅನ್ನ ಬೇಯಿಸಿ ಹಾಕಿದ್ದೀನಿ. ಇವನು ಸುಳ್ಳು ಹೇಳ್ತಿದಾನೆ ಅಂತ ತಿಳಿಯೋಕೆ ನಂಗೆ ಹುಂಜ ಬೇಕಾ? ನಮ್ಮಪ್ಪನ ಊರಲ್ಲೂ ನೆಲ ಇತ್ತು. ನನ್ನ ಅಣ್ಣಂದಿರು ತಗೊಂಡ್ರು, ನಾನು ತುಟಿ ಪಿಟಕ್ಕೆನ್ನಲಿಲ್ಲ. ಆ ತಪ್ಪಿಗೆ ಇವತ್ತು ಮಾತಾಡ್ತಿದ್ದೀನಿ.”

ಗಾಸ್ಪರ್ ನೆಲ ನೋಡುತ್ತ ಕೂತಿದ್ದ. ಸಿಪ್ರಿ ಹೇಳಿದ: “ಅವ್ವನಿಗೆ ವಯಸ್ಸಾಯ್ತು. ನೀವು ತೀರ್ಮಾನ ಹೇಳಿ ದೊಡ್ಡಪ್ಪ.”

ಲಾಂಬೆರ್ಟಸ್ ಹೇಳಿದ ತೀರ್ಮಾನ ಹಳೆಯದೇ. ನೆಲ ಒಳಗಿನವರದ್ದು. ಮರ ನೆಟ್ಟವರದ್ದು. ಸಿಪ್ರಿ ಮಾರುವುದಾದರೆ ಮರಗಳಿಗೆಂದು ಅಕ್ಕನಿಗೆ ಏನಾದರೂ ಕೊಟ್ಟು ಸಮಾಧಾನ ಮಾಡಲಿ.

ಕಳ್ಳು ಸುತ್ತು ಬಂತು. ಚಿಕ್ಕಪ್ಪನ ಮಗ ದೊನಾತುಸ್, ಮೂರು ಗಂಡುಮಕ್ಕಳ ತಂದೆ, ಸಿಪ್ರಿಯ ಬೆನ್ನು ತಟ್ಟಿದ. “ಟ್ರಕ್ಕನ್ನ ಜೋಪಾನವಾಗಿ ಇಟ್ಕೊ ತಮ್ಮ. ಗದ್ದೆ, ತೋಟನೂ ಅಷ್ಟೆ. ನಿಂಗೆ ಇರೋದು ಎರಡೂ ಹೊರಗಿನವು. ನಾಳೆ ಎಲ್ಲ ನನ್ನ ಮಕ್ಕಳೇ ತಾನೆ ನೋಡ್ಕೋಬೇಕು?”

ಸಿಪ್ರಿಯೂ ನಕ್ಕ. ಕಾಫಿ ಬಗ್ಗಿಸುತ್ತಿದ್ದ ಅದೆಲ್ ನಗಲಿಲ್ಲ. ಅವಳು ಕೆಟಲನ್ನು ದೊನಾತುಸನ ಖಾಲಿ ಲೋಟದ ಮುಂದೆ ಕುಕ್ಕಿ, ಬಗ್ಗಿಸದೆ ಹೊರಟುಹೋದಳು.

ರೆನ್ಸಿ ಮಾತ್ರ ಎದ್ದಿರಲಿಲ್ಲ. “ದೊಡ್ಡಪ್ಪ, ಇನ್ನೊಂದು ಸಲ ಹೇಳಿ. ಮರ ಯಾರದು?”

“ನಿಂದು.”

“ನನ್ನ ಮರಾನ ನಾನು ಏನು ಬೇಕಾದ್ರೂ ಮಾಡ್ಬಹುದಾ?”

“ಮಾಡ್ಬಹುದು. ಯಾರೂ ಕೇಳೋ ಹಾಗಿಲ್ಲ.”

“ಎಲ್ರೂ ಕೇಳಿಸ್ಕೊಂಡ್ರಲ್ಲ,” ಎಂದು ಅವಳು ಎದ್ದಳು.

ಮಾರನೆಯ ಬೆಳಗ್ಗೆ ಊರಿಗೆಲ್ಲ ಕೊಡಲಿಯ ಸದ್ದು ಕೇಳಿಸಿತು. ಸೌದೆ ಕಡಿಯುವ ಸದ್ದಲ್ಲ ಅದು. ಬುಡಕ್ಕೆ ಬೀಳುವ ಏಟು. ಹೊಲಕ್ಕೆ ಹೊರಟವರು ನಿಂತು ಮೇಲೆ ನೋಡಿದರು. ಲವಂಗದ ಮರವೊಂದು ತಲೆ ಅಲುಗಿಸಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಗಾಸ್ಪರ್ ಬರಿಗಾಲಿನಲ್ಲಿ ಹತ್ತಿ ಬರುವಷ್ಟರಲ್ಲಿ ಮೂರು ಬಿದ್ದಿದ್ದವು. ಹಸಿ ಲವಂಗದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಓಲಿನ್ ಅವ್ವನ ಸೊಂಟ ಹಿಡಿದು, “ಬೇಡವ್ವ, ಸಾಕವ್ವ,” ಎಂದು ಅಳುತ್ತಿದ್ದಳು. ರೆನ್ಸಿಯ ಮುಖವೂ ಒದ್ದೆಯಾಗಿತ್ತು, ಕೈ ನಿಂತಿರಲಿಲ್ಲ.

“ಏಯ್ ಹುಚ್ಚಿ! ಮೊಗ್ಗಿರೋ ಮರ ಕಣೇ! ಕೊಡಲಿ ಇಡು!”

“ಮರ ಯಾರದು?”

“ನಿಂದು, ನಿಂದೇ. ಇಡು ಅಂದೆ!”

“ನೆಲ?”

ರೆನ್ಸಿ ಮತ್ತೆ ಬೀಸಿದಳು. ನಾಲ್ಕನೆಯದು ಬುಗ್ಗೆಯ ಕಡೆ ವಾಲಿಕೊಂಡು ಬಿತ್ತು.

“ನೆಲ ಯಾರದು ಅಪ್ಪ?”

“ಪಂಚಾಯಿತಿ ಹೇಳಿದ್ದು ಕೇಳ್ಲಿಲ್ವಾ…”

ಐದನೆಯದು ಬಿತ್ತು. ಆರನೆಯದರ ಬುಡಕ್ಕೆ ಅವಳು ಹೋಗುವಷ್ಟರಲ್ಲಿ ಗಾಸ್ಪರ್ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಕಾಯಿ ಹಿಡಿದ ಮರಕ್ಕೆ ಜನ್ಮದಲ್ಲಿ ಕತ್ತಿ ಹಾಕಿದವನಲ್ಲ ಅವನು. ಏದುಸಿರು ಬಿಡುತ್ತಿದ್ದ.

“ನೆಲನೂ ನಿಂದು. ಸಾಕಾ? ಅವತ್ತು ಕೊಟ್ಟಿದ್ದೆ. ಅವನಿಗೆ ಹೆದರಿ ಇಲ್ಲ ಅಂದೆ.”

“ಇಲ್ಲಿ ಹೇಳಿದ್ರೆ ಮರ ಕೇಳುತ್ತೆ. ಹೋಗಿ ನಗಾರಿ ಮನೇಲಿ ಹೇಳು.”

“ಹೇಳ್ತೀನಿ.”

“ಇವತ್ತೇ.”

“ಇವತ್ತೇ ಹೇಳ್ತೀನಿ. ಆದ್ರೆ ಅಪ್ಪನಿಗೆ ಹೀಗೆ ಮಾಡಿದ್ದನ್ನ ನಾನು ಮರೆಯಲ್ಲ ರೆನ್ಸಿ.”

“ನಾನೂ ಮರೆಯಲ್ಲ,” ಎಂದಳು ಅವಳು.

ಅಷ್ಟರಲ್ಲಿ ರೊಫಿನಾ ಎರಡು ಬುಟ್ಟಿ ಹಿಡಿದು ಹತ್ತಿ ಬಂದಳು. ಗಂಡನ ಕಡೆ ನೋಡಲಿಲ್ಲ. ಬಿದ್ದ ಮರದ ಮೊದಲ ಕೊಂಬೆ ಎಳೆದು ಕೂತಳು. “ಮೊಗ್ಗು ಬಿಡಿಸಿ. ನಾಳೆಗೆ ಬಾಡುತ್ತೆ.”

“ಐದು ಮರ ಅವ್ವ,” ಎಂದು ರೆನ್ಸಿ ಕೊಡಲಿ ಬಿಟ್ಟು ನೆಲಕ್ಕೆ ಕುಸಿದಳು. “ಐದು ಮರ ಕಡಿದುಬಿಟ್ಟೆ.”

“ಐದು ಹೋಯ್ತು. ಐವತ್ತೇಳಿದೆ. ಬಿಡಿಸು.”

ಮೂವರು ಹೆಂಗಸರು ಸಂಜೆಯವರೆಗೆ ಬಿಡಿಸಿದರು. ಏಣಿ ಬೇಕಾಗಲಿಲ್ಲ.

ಅದೇ ದಿನ ಗಾಸ್ಪರ್ ರೊಫಿನಾಳ ದೊಡ್ಡ ಕೆಂಪು ಹುಂಜವನ್ನು ಕಂಕುಳಲ್ಲಿ ಹಿಡಿದು ಲಾಂಬೆರ್ಟಸನ ಮುಂದೆ ಹೋಗಿ, ಸಿಕ್ಕಿದ ನಾಲ್ವರು ಹಿರಿಯರ ಎದುರು ಮಾತು ಹೇಳಿದ. ಲಾಂಬೆರ್ಟಸ್ ಗೊಣಗಿದ: “ನಿನ್ನೆ ಇಲ್ಲ, ಇವತ್ತು ಹೌದು. ನಿನ್ನ ನಾಲಗೆಗೆ ಮೂಳೆ ಇಲ್ಲ ಗಾಸ್ಪರ್.” ಆದರೂ ಕೊಡುವವನು ಕೊಡುತ್ತೇನೆ ಎಂದಾಗ ಬೇಡವೆನ್ನಲು ಅವನಿಗೆ ದಾರಿಯಿರಲಿಲ್ಲ. ಹುಂಜದ ಕೊರಳು ಕೊಯ್ದರು. ಮಾತು ಆಯಿತು.

ಸಿಪ್ರಿ ಸಂಜೆ ಬಂದು ಸುದ್ದಿ ಕೇಳಿ ಅಂಗಳದಲ್ಲಿದ್ದ ನೀರಿನ ಬಕೀಟನ್ನು ಒದ್ದ.

“ಹುಂಜ ಕೊಯ್ಯಿ, ಹಂದಿ ಕೊಯ್ಯಿ, ನಾನು ಸಹಿ ಹಾಕಲ್ಲ! ಕಾಫಿ ತೋಟದ ಕಡೆಯ ಗಡಿ ನಂದು. ನನ್ನ ಸಹಿ ಇಲ್ದೆ ಅವಳಿಗೆ ಅದ್ಯಾವ ಪತ್ರ ಬರುತ್ತೋ ನೋಡ್ತೀನಿ.”

ಗಾಸ್ಪರ್ ಮುಖ ತಿರುಗಿಸಿ ಕೂತ. ಅವನು ರೆನ್ಸಿಯೊಡನೆಯೂ ಮಾತು ಬಿಟ್ಟಿದ್ದ, ಮಗನೊಡನೆಯೂ ಬಿಟ್ಟ. ಒಂದು ವಾರ ಆ ಮನೆಯಲ್ಲಿ ಎರಡು ಒಲೆ ಉರಿದವು. ಹಿತ್ತಿಲಿನಲ್ಲಿ ಮೂರು ಕಲ್ಲಿಟ್ಟು ರೆನ್ಸಿ, ಓಲಿನ್ ಬೇರೆ ಬೇಯಿಸಿಕೊಂಡರು. ರೊಫಿನಾ ಒಂದು ಹೊತ್ತು ಇಲ್ಲಿ, ಒಂದು ಹೊತ್ತು ಅಲ್ಲಿ ಉಂಡಳು. ಯೊನಾಸ್ ಟ್ರಕ್ಕಿನ ಮುಂಗಡ ವಾಪಸು ತೆಗೆದುಕೊಂಡು, ರಸ್ತೆಯ ಆಚೆ ಬದಿಯಲ್ಲಿದ್ದ ದೊನಾತುಸನ ಬೀಳುಭೂಮಿಯನ್ನು ನೋಡಿ ಹೋದ.

ಆ ಸುದ್ದಿ ಬಂದ ದಿನ ಸಿಪ್ರಿ ಊಟಕ್ಕೆ ಕೂತು ತಟ್ಟೆ ನೋಡಿದ. ಬರೀ ಅನ್ನ.

“ಪಲ್ಯ ಎಲ್ಲಿ?”

“ಮಾಡಿಲ್ಲ,” ಎಂದಳು ಅದೆಲ್.

“ಯಾಕೆ?”

“ದೊನಾತುಸನ ಮಕ್ಕಳು ಬಂದು ಮಾಡ್ಕೊಡ್ಲಿ.”

“ಅದನ್ನೇ ಇನ್ನೂ ಹಿಡ್ಕೊಂಡಿದೀಯಾ? ಅವನು ತಮಾಷೆ ಮಾಡ್ದ.”

“ತಮಾಷೆ ಅಲ್ಲ. ನಿನ್ನ ಗೋರಿ ಮೇಲಿನ ಮಣ್ಣು ಒಣಗೋ ಮೊದ್ಲು ಅವನು ಬಂದು ನನ್ನ, ನನ್ನ ಮಕ್ಕಳ ಚಾಪೆ ಆಚೆ ಹಾಕ್ತಾನೆ. ನೀನು ಅವನ ಜತೆ ಸೇರ್ಕೊಂಡು ಹಲ್ಲು ಬಿಟ್ಟೆ.”

“ಅದು ನಾನು ಸತ್ತ ಮೇಲೆ ತಾನೆ?”

“ಹೌದಪ್ಪ, ನಿಂಗೇನು ಕಷ್ಟ!” ಅದೆಲ್ ತಟ್ಟೆಯನ್ನೇ ಎಳೆದುಕೊಂಡಳು. “ಅಕ್ಕ ಇವತ್ತು ಹೊರಗಿನವಳಾದ್ರೆ ನಾಳೆ ನನ್ನ ಮಕ್ಕಳೂ ಹೊರಗಿನವರೇ. ಅಕ್ಕನಿಗೆ ಸಿಕ್ರೆ ಇವರಿಗೂ ಕೇಳೋಕೆ ಒಂದು ಬಾಯಿ ಇರುತ್ತೆ. ನೀನು ಸಹಿ ಹಾಕ್ತೀಯ.”

“ಹಾಕಲ್ಲ.”

“ಹಾಕದಿದ್ರೆ ನಾನು ಮಕ್ಕಳನ್ನ ಕರ್ಕೊಂಡು ನಮ್ಮಪ್ಪನ ಮನೆಗೆ ಹೋಗ್ತೀನಿ. ಅಲ್ಲೂ ನಂಗೆ ನೆಲ ಇಲ್ಲ, ಗೊತ್ತು. ಆದ್ರೆ ಅಲ್ಲಿ ನಿನ್ನ ಮುಖ ನೋಡೋದು ತಪ್ಪುತ್ತೆ.”

ಸಿಪ್ರಿ ಕೈಯೆತ್ತಿದ. ಜಗಲಿಯಲ್ಲಿದ್ದ ರೊಫಿನಾ ಒಳಗೆ ಬಂದು ಅಡ್ಡ ನಿಂತಳು. “ಹೊಡಿ. ಮೊದ್ಲು ನನ್ನನ್ನ ಹೊಡಿ.” ಅವನು ಕೈ ಇಳಿಸಿ ಬೈಕು ತೆಗೆದುಕೊಂಡು ಹೋದ.

ಅಳತೆಯವರು ಹೇಳಿದ ವಾರಕ್ಕೇ ಬಂದರು. ಒಟ್ಟು ಮೂವರು. ಪುಸ್ತಕ ಹಿಡಿದವಳು ಪಟ್ಟಣದ ಒಬ್ಬ ಎಳೆಯ ಹೆಂಗಸು, ಬಿಸಿಲಿಗೆ ಟೋಪಿ ಹಾಕಿದ್ದಳು. ಕಾಫಿ ತೋಟದ ಮೇಲಿನ ಗಡಿಗೆ ಬರುವಾಗ ಹನ್ನೊಂದು ಗಂಟೆ. ಮನೆಯವರೆಲ್ಲ ಅಲ್ಲಿದ್ದರು, ಒಬ್ಬರಿಂದ ಒಬ್ಬರು ನಾಲ್ಕು ಮಾರು ದೂರ ನಿಂತಿದ್ದರು. ಅದೆಲ್ ಎರಡೂ ಮಕ್ಕಳ ಕೈ ಹಿಡಿದಿದ್ದಳು. ಅವಳ ಕಾಲ ಬಳಿ ಬಟ್ಟೆಯ ಗಂಟಿತ್ತು.

“ಮೇಲಿನದು ಯಾರ ಹೆಸರಿಗೆ?”

“ಎಮೆರೆನ್ಸಿಯಾನಾ,” ಎಂದಳು ರೆನ್ಸಿ. ತನ್ನ ಪೂರ್ತಿ ಹೆಸರನ್ನು ಅವಳು ಹೇಳಿ ಎಷ್ಟೋ ವರ್ಷವಾಗಿತ್ತು.

ಆ ಹೆಂಗಸು ಗಾಸ್ಪರನ ಕಡೆ ನೋಡಿದಳು. ಅವನು ಮಗಳ ಮುಖ ನೋಡದೆ, “ಹೌದು, ಅವಳಿಗೇ,” ಎಂದ.

“ಗಡಿಗೆ ಪಕ್ಕದವರು ಸಹಿ ಹಾಕ್ಬೇಕು. ಕೆಳಗಿನ ತೋಟದವರು ಯಾರು?”

“ನಾನು. ನಾನು ಹಾಕಲ್ಲ,” ಎಂದ ಸಿಪ್ರಿ.

“ಸರಿ ಹಾಗಾದ್ರೆ.” ಅವಳು ಪುಸ್ತಕದ ಹಾಳೆ ತಿರುವಿದಳು. “ಎರಡೂ ತುಂಡು ತಕರಾರು ಅಂತ ಬರ್ಕೊಂಡು ಮುಂದಕ್ಕೆ ಹೋಗ್ತೀವಿ.”

“ಎರಡೂ ಯಾಕೆ? ತಕರಾರು ಅವಳದ್ದು!”

“ಗಡಿ ಒಂದೇ ಅಲ್ವೇನ್ರಿ? ನಿಮ್ಮ ತೋಟಕ್ಕೂ ಇವರು ಸಹಿ ಹಾಕ್ಬೇಕಲ್ಲ.”

ಸಿಪ್ರಿ ಅಕ್ಕನ ಕಡೆ ತಿರುಗಿದ. ರೆನ್ಸಿ ಕೈಕಟ್ಟಿ ನಿಂತಿದ್ದಳು. ಬೇಡಿಕೊಳ್ಳಲೂ ಇಲ್ಲ, ಬೆದರಿಸಲೂ ಇಲ್ಲ. ಅದೆಲ್ ಬಗ್ಗಿ ಗಂಟು ಎತ್ತಿಕೊಂಡಳು. ಚಿಕ್ಕ ಮಗಳು, “ಎಲ್ಲಿಗವ್ವ?” ಎಂದು ಕೇಳಿದಳು.

“ನಿಮ್ಮಪ್ಪ ಹೇಳ್ತಾನೆ, ತಾಳು,” ಎಂದಳು ಅದೆಲ್.

ಅಳತೆಯ ಹೆಂಗಸು ಪೆನ್ನು ಜೇಬಿಗಿಡಲು ಹೋದಳು. ಸಿಪ್ರಿ ಮುಂದೆ ಬಂದು ಅದನ್ನು ಕಿತ್ತುಕೊಂಡು, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿ, ಪೆನ್ನನ್ನು ಮಣ್ಣಿಗೆ ಎಸೆದ.

“ಇವತ್ತಿನಿಂದ ನಂಗೆ ಅಕ್ಕ ಇಲ್ಲ. ಸತ್ರೆ ಹೇಳಿ ಕಳಿಸ್ಬೇಡ. ನಾನು ಸತ್ರೂ ಬರ್ಬೇಡ.”

ರೆನ್ಸಿ ಪೆನ್ನು ಎತ್ತಿಕೊಂಡಳು. ಉಟ್ಟ ಲುಂಗಿಯ ಅಂಚಿಗೆ ಒರೆಸಿ, ತಮ್ಮನ ಕಾಫಿ ತೋಟದ ಹಾಳೆಯ ಮೇಲೆ ತನ್ನ ಸಹಿ ಹಾಕಿದಳು. ಆಮೇಲೆ ತನ್ನ ಹಾಳೆಯ ಮೇಲೆ. ಅವಸರ ಮಾಡಲಿಲ್ಲ.

“ಸರಿ,” ಎಂದಳು. “ಬೇಲಿ ನೀನು ಹಾಕ್ತೀಯೋ, ನಾನೇ ಹಾಕ್ಲೋ?”

ಸಿಪ್ರಿ ಇಳಿದು ಹೋದ. ರೆನ್ಸಿ ಕತ್ತಿ ತೆಗೆದುಕೊಂಡು ಬಿದಿರು ಕಡಿಯಲು ಹೋದಳು.